ಮಗಳ ಟೊಪ್ಪಿ, ತೋಮಚ್ಚನ ಕಾರು

ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಬಾಣಂತಿ ಬಗ್ಗಬಾರದು ಎಂದು ನಾನು ಹೇಳುತ್ತಲೇ ಇರುತ್ತೇನೆ, ಅವಳು ಬಗ್ಗುತ್ತಲೇ ಇರುತ್ತಾಳೆ. ಮೊನ್ನೆ ನಾನು ಕಷಾಯ ಇಳಿಸಿ ಬರುವಷ್ಟರಲ್ಲಿ ನನ್ನ ಹಳೇ ಟ್ರಂಕಿನ ಮುಚ್ಚಳ ತೆಗೆದು, ಅರ್ಧ ಸಂಸಾರವನ್ನು ಚಾಪೆಯ ಮೇಲೆ ಹರಡಿಕೊಂಡು ಕೂತಿದ್ದಳು. ಕೈಯಲ್ಲಿ ಒಂದು ಬಿಳಿ ಟೊಪ್ಪಿ. ಕುರಿಯ ಉಣ್ಣೆಯದ್ದು, ಗುಂಡಗೆ, ಅಂಚಿನಲ್ಲಿ ಎಳೆದು ಕಟ್ಟುವ ಲಾಡಿ.

"ಅಮ್ಮ, ಇದು ನಂದಲ್ವಾ? ಎಷ್ಟು ಚಂದ ಉಂಟು! ಪಾಪುಗೆ ಹಾಕುವಾ."

"ನಿಂದು ಹೌದು. ಆದರೆ ನಿನಗಿಂತ ಮೊದಲು ಅದು ಕಾರಿಂದು," ಎಂದೆ.

ಬಾಣಂತಿಗೆ ಕಷಾಯ ಕೊಟ್ಟು ಕೊಟ್ಟು ಅಮ್ಮನಿಗೇ ಪಿತ್ತ ಏರಿತೋ ಏನೋ ಎಂಬಂತೆ ಅವಳು ನನ್ನನ್ನು ನೋಡಿದಳು. ನೀವೂ ಹಾಗೆ ನೋಡಬೇಡಿ. ಕಾರಿಗೂ ಟೊಪ್ಪಿ ಉಂಟು. ಪಾಲಿಶ್ ಮಾಡುವ ಮೆಷಿನಿನ ಬಾಯಿಗೆ ಅದನ್ನು ಕಟ್ಟುವುದು. ಇದು ನನಗೆ ಗೊತ್ತಾದದ್ದು ಹೇಗೆಂದರೆ, ಒಂದು ಕಾಲದಲ್ಲಿ ಪುತ್ತೂರಿನ ಪೇಟೆ ಮುಗಿಯುವಲ್ಲಿ, ತಗಡು ಹೊದೆಸಿದ ಮಾಡಿನ ಒಂದು ಶೆಡ್ಡಿನಲ್ಲಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾರು ಪಾಲಿಶ್ ಮಾಡಿದ ಹೆಂಗಸು ನಾನು.

ಉಜ್ಜುವ ಕೆಲಸ ನನಗೆ ಹೊಸತಾಗಿರಲಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಓದುವಾಗ ಶನಿವಾರ ಶನಿವಾರ ಪ್ರಾರ್ಥನಾಮಂದಿರದ ಹಿತ್ತಾಳೆಯ ದೀಪದ ಕಂಬಗಳನ್ನು ಉಜ್ಜುವುದು ನಮ್ಮ ಪಾಳಿ. ಸಿಸ್ಟರ್ ಬೆನಿಗ್ನಾ ಹಿಂದೆ ನಿಂತು, "ಒತ್ತಿ ಉಜ್ಜು, ನಿನ್ನ ಮುಖ ಕಾಣುವವರೆಗೆ ಉಜ್ಜು" ಎನ್ನುತ್ತಿದ್ದರು. ಮುಖ ಕಂಡಿತು ಎಂದು ಒಂದು ಕ್ಷಣ ಹೆಚ್ಚು ನೋಡಿಕೊಂಡರೆ, "ಅಷ್ಟು ನೋಡುವಂಥದ್ದು ಏನಿದೆ ಅಲ್ಲಿ?" ಎಂದು ಕಿವಿ ಹಿಂಡುತ್ತಿದ್ದರು. ಹೊಳಪು ಬರಿಸಬೇಕು, ಆದರೆ ಅದರಲ್ಲಿ ನಾವು ಕಾಣಬಾರದು. ಈ ಗಣಿತ ನನಗೆ ಇವತ್ತಿಗೂ ಬಿಡಿಸಲು ಬಂದಿಲ್ಲ. ಹೇಗೂ, ಒತ್ತಿ ಉಜ್ಜುವುದು ಮಾತ್ರ ಕೈಗೆ ಅಂಟಿಕೊಂಡಿತು. ಮದುವೆಯಾಗಿ ಬಂದ ಮೇಲೆ ನನ್ನ ಕೈಯಲ್ಲಿ ಚೆಂಬುಗಳು ಸವೆದು ತೂತಾಗುತ್ತವೆ ಎಂದು ಅತ್ತೆ ಹೆದರುತ್ತಿದ್ದರು.

ಅತ್ತೆ ಮಾವ ಸುಳ್ಯದ ಹತ್ತಿರ ಅಜ್ಜಾವರದಲ್ಲಿ. ನಮ್ಮವರು ಎರಡನೆಯ ಮಗ. ಗದ್ದೆಯ ಬದುವಿನಲ್ಲಿ ನಿಂತರೂ ರಸ್ತೆಯಲ್ಲಿ ಹೋಗುವ ಮೋಟಾರಿನ ಸದ್ದಿಗೆ ಕಿವಿ ಕೊಡುವ ಮನುಷ್ಯ. ತಂದೆಯ ಮಾತು ಮೀರಿ ಪುತ್ತೂರಿಗೆ ಬಂದು ಈ ಶೆಡ್ಡು ಹಾಕಿದರು. ಕಾರು ತೊಳೆಯುವುದು, ಪಾಲಿಶ್ ಹಿಡಿಯುವುದು. ಹೊರಡುವ ದಿನ ಮಾವ ಹೇಳಿದ್ದು ಇಷ್ಟು: "ಹೋಗು. ಆದರೆ ಬಂದ ಗಾಡಿ ಕೆಲಸ ಆಗದೆ ಹಿಂದೆ ಹೋಯಿತು ಅಂತ ನನ್ನ ಕಿವಿಗೆ ಬಿದ್ದರೆ, ಆ ದಿನ ಬೋರ್ಡು ತೆಗೆದು ಮನೆಗೆ ಬರಬೇಕು." ನಮ್ಮವರು ಹೂಂ ಎಂದಿದ್ದರು. ಅವರು ಹೂಂ ಎಂದರೆ ಅದು ಬರೆದುಕೊಟ್ಟ ಹಾಗೆ.

ಶೆಡ್ಡಿನಲ್ಲಿ ಮೊದಲು ಇದ್ದದ್ದು ಗಿರಗಿರನೆ ಒಂದೇ ಸಮ ತಿರುಗುವ ಮೆಷಿನು. ಬಿಟ್ಟರೆ ಓಡುವ ಕರುವಿನ ಹಾಗೆ ಅದು, ಹಿಡಿದವರನ್ನೇ ಎಳೆದುಕೊಂಡು ಹೋಗುತ್ತಿತ್ತು. ಕಾಫಿ ಕೊಡಲು ಹೋದವಳು ನೋಡುತ್ತಾ ನಿಂತೆ, ನೋಡುತ್ತಾ ನಿಂತವಳು ಒಮ್ಮೆ ಹಿಡಿದೆ. ಮೊದಲ ದಿನ ಅದು ನನ್ನನ್ನು ಗೋಡೆಯವರೆಗೆ ಕರೆದುಕೊಂಡು ಹೋಯಿತು. ಒಂದು ಹಳೇ ಮಡ್‌ಗಾರ್ಡಿನ ಮೇಲೆ ಅಭ್ಯಾಸ ಮಾಡಿ ಮಾಡಿ, ಬಿಗಿಯಾಗಿ ಒತ್ತಿ ಹಿಡಿಯಬೇಕು, ಎಲ್ಲಿಯೂ ನಿಲ್ಲಬಾರದು, ನಿಂತರೆ ಬಣ್ಣ ಸುಡುತ್ತದೆ ಎಂದು ಕಲಿತೆ. ಒತ್ತುವುದಂತೂ ಕಾನ್ವೆಂಟಿನದ್ದೇ ವಿದ್ಯೆ. ನಮ್ಮವರು ಊಟಕ್ಕೆ ಹೋದ ಹೊತ್ತಿನಲ್ಲಿ ಒಂದೊಂದು ಬಾಗಿಲು, ಒಂದೊಂದು ಬಾನೆಟ್ ನಾನೇ ಮುಗಿಸುತ್ತಿದ್ದೆ. ಗಿರಾಕಿಗಳಿಗೆ ಗೊತ್ತಿರಲಿಲ್ಲ.

ಮಗಳು ಹುಟ್ಟಿದ ವರ್ಷ, ಕರೆಂಟು ಏರಿಳಿದು ಏರಿಳಿದು ಆ ಮೆಷಿನು ಒಂದು ದಿನ ಬುಸ್ಸೆಂದು ಹೊಗೆ ಬಿಟ್ಟು ಕಣ್ಣು ಮುಚ್ಚಿತು. ಬೊಂಬಾಯಿಯಲ್ಲಿ ಹಡಗಿನ ಕಾರ್ಖಾನೆಯಲ್ಲಿದ್ದ ಮೈದುನನಿಗೆ, ಒಂದು ಮೆಷಿನು ಕಳಿಸು ಎಂದು ಹೇಳಿಕಳಿಸಿದೆವು. ಅದು ಬರುವ ಮೊದಲೇ ನಮ್ಮವರು ಶೆಡ್ಡಿನ ಸಾಬೂನು ನೀರಿನಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮೊಣಕೈಯವರೆಗೆ ಬಿಳಿ ಪ್ಲಾಸ್ಟರು. ಸುದ್ದಿ ತಿಳಿದು ಅತ್ತೆ ಅಜ್ಜಾವರದಿಂದ ಬಸ್ಸಿನಲ್ಲಿ ಬಂದರು, ಒಂದು ಕೈಯಲ್ಲಿ ಹಲಸಿನ ಹಪ್ಪಳ, ಇನ್ನೊಂದು ಕೈಯಲ್ಲಿ ಮಗುವಿಗೆ ಕಾಯಿಸಿದ ಎಣ್ಣೆಯ ಬಾಟ್ಲಿ. ಮಗನ ಕೈ ನೋಡಿ ಸ್ವಲ್ಪ ಅತ್ತರು. ಅತ್ತು ಮುಗಿಸಿ, "ಸಾಕು ಈ ಪೇಟೆ. ಮನೆಗೆ ಹೋಗುವಾ" ಎಂದರು.

ನನಗೆ ಹೋಗಲು ಮನಸ್ಸಿರಲಿಲ್ಲ. ಅಜ್ಜಾವರದ ಮೇಲೆ ಸಿಟ್ಟಲ್ಲ. ಅಲ್ಲಿಗೆ ಹೋದರೆ ನಮ್ಮವರು ಮತ್ತೆ ಬದುವಿನ ಮೇಲೆ ನಿಂತು ಮೋಟಾರಿನ ಸದ್ದಿಗೆ ಕಿವಿ ಕೊಡುವ ಮನುಷ್ಯ ಆಗುತ್ತಾರೆ. ಅದನ್ನು ನೋಡಿಕೊಂಡು ಅನ್ನ ಬಡಿಸಲು ನನ್ನಿಂದ ಆಗುತ್ತಿರಲಿಲ್ಲ.

ಪ್ಲಾಸ್ಟರ್ ತೋರಿಸಲು ನಾವಿಬ್ಬರೂ ಆಸ್ಪತ್ರೆಗೆ ಹೋಗಿದ್ದ ದಿನವೇ ಬೊಂಬಾಯಿಯ ಪೆಟ್ಟಿಗೆ ಬಂದದ್ದು. ನಾವು ವಾಪಸ್ಸು ಬರುವಾಗ ಅತ್ತೆ ಪೆಟ್ಟಿಗೆ ಬಿಚ್ಚಿ, ಅದರೊಳಗಿನ ಹುಲ್ಲು, ಹಳೇ ಪೇಪರು ಎಲ್ಲ ಗುಡಿಸಿ ಒಟ್ಟುಮಾಡಿ, ಮೆಷಿನನ್ನು ಜಗಲಿಯಲ್ಲಿ ಚಾಪೆ ಹಾಕಿ ಕೂರಿಸಿದ್ದರು, ನೆಂಟರನ್ನು ಕೂರಿಸಿದ ಹಾಗೆ. ತೊಟ್ಟಿಲಲ್ಲಿ ಮಗು ಬಿಳಿ ಉಣ್ಣೆಯ ಟೊಪ್ಪಿ ಹಾಕಿಕೊಂಡು, ಗಲ್ಲದಡಿ ಲಾಡಿ ಕಟ್ಟಿಸಿಕೊಂಡು, ಕೆಂಪಗೆ ಬೆವರಿಕೊಂಡು ಮಲಗಿತ್ತು.

"ಬೊಂಬಾಯಿಯವ ಕಳಿಸಿದ್ದು," ಎಂದರು ಅತ್ತೆ. "ಕಡೆಗೂ ಮಗುವಿನ ನೆನಪಾಯಿತಲ್ಲ ಅವನಿಗೆ!"

ನನಗೂ ಕಣ್ಣು ತುಂಬಿತು. ಪುತ್ತೂರಿನ ಸೆಕೆಗೆ ಉಣ್ಣೆಯ ಟೊಪ್ಪಿ ಕಳಿಸುವವರು ಬೊಂಬಾಯಿಯವರೇ ಸೈ ಎಂದು ಒಳಗೊಳಗೇ ನಕ್ಕೆ, ಅಷ್ಟೇ. ಬೇರೆ ಯೋಚನೆ ನನ್ನ ಕಾನ್ವೆಂಟಿನ ತಲೆಗೆ ಹೊಳೆಯಲಿಲ್ಲ.

ಮರುದಿನ, ಶುಕ್ರವಾರ ಬೆಳಿಗ್ಗೆ, ನೆಲ್ಯಾಡಿಯ ತೋಮಚ್ಚನ ಕಾರು ಬಂತು. ತೋಮಚ್ಚ ಕೇರಳದಿಂದ ಬಂದು ನೆಲ್ಯಾಡಿಯಲ್ಲಿ ರಬ್ಬರು ಹಾಕಿದ್ದವರು. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಸ್ವರ. ಕಾರು ಒಂದು ಕಾಲದಲ್ಲಿ ಕಪ್ಪು. ತೋಟದ ಮಣ್ಣುರಸ್ತೆಯ ಧೂಳು ತಿಂದು ತಿಂದು ಈಗ ಬೂದಿ ಹಚ್ಚಿದ ಎಮ್ಮೆಯ ಹಾಗೆ ಕಾಣುತ್ತಿತ್ತು.

"ಸೋಮವಾರ ಮಗಳ ಕಲ್ಯಾಣ. ಹುಡುಗಿ ಇದರಲ್ಲೇ ಪಳ್ಳಿಗೆ ಹೋಗಬೇಕು," ಎಂದರು. ಪಳ್ಳಿ ಎಂದರೆ ಅವರ ಇಗರ್ಜಿ, ಚರ್ಚು. ಆಮೇಲೆ ಪ್ಲಾಸ್ಟರು ಕಂಡಿತು. "ಎಂಡೆ ಕರ್ತಾವೇ! ಇದೆಂತ ಮಾರಾಯ್ರೆ, ಕೈ? ಹಾಗಾದರೆ ನಾನು ಮಂಗಳೂರಿಗೇ ಕೊಂಡುಹೋಗ್ತೇನೆ."

ನಮ್ಮವರು ಬಾಯಿ ತೆರೆಯುವ ಮೊದಲು ನಾನು ಹೇಳಿಬಿಟ್ಟೆ: "ಬೇಡ. ಭಾನುವಾರ ಮಧ್ಯಾಹ್ನ ಬನ್ನಿ. ಆಗಿರ್ತದೆ."

"ಮಾಡುದು ಯಾರು?"

"ಆಗಿರ್ತದೆ," ಎಂದೆ ಮತ್ತೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಇರಲಿಲ್ಲ.

ತೋಮಚ್ಚ ಮೀಸೆ ತಿರುವಿ ಬಸ್ಸಿಗೆ ಹೋದರು. ನಮ್ಮವರು ನನ್ನನ್ನೇ ನೋಡಿದರು. "ನಿನಗೆ ಹಳೇ ಮೆಷಿನು ಗೊತ್ತು. ಇದು ಬೇರೆ ಜಾತಿ."

ಬೇರೆ ಜಾತಿಯೇ. ಹಳೆಯದು ಕರುವಾದರೆ ಇದು ಆಮೆ. ಅಗಲ ಹೊಟ್ಟೆ, ಎರಡು ಕಿವಿಯ ಹಾಗೆ ಎರಡು ಹಿಡಿ. ಜೊತೆಗೆ ಒಂದು ಪುಸ್ತಕ ಇತ್ತು. "ಓದು, ಓದು! ಕಾನ್ವೆಂಟಿಗೆ ಕಳಿಸಿದ್ದು ಇದಕ್ಕೇ ಅಲ್ವಾ?" ಎಂದು ಅತ್ತೆ ಮಗುವನ್ನು ಸೊಂಟಕ್ಕೇರಿಸಿ ಎದುರಿಗೆ ಕೂತರು. ನಾನು ಗಂಟಲು ಸರಿಮಾಡಿ ಪುಸ್ತಕ ತೆರೆದೆ. ಅಕ್ಷರವೇನೋ ಇಂಗ್ಲಿಷಿನದ್ದೇ. ಆದರೆ ಅರ್ಧ ಅಕ್ಷರಗಳ ತಲೆಯ ಮೇಲೆ ಎರಡೆರಡು ಚುಕ್ಕಿ, ಶಬ್ದ ಒಂದೊಂದೂ ಮೊಳ ಉದ್ದ. ಯಾವ ದೇಶದ ಭಾಷೆಯೋ!

"ಎಂತ ಉಟ್ಟು ಅದರಲ್ಲಿ?" ಅತ್ತೆ ತಮ್ಮ ಅರೆಭಾಷೆಯಲ್ಲಿ ಕೇಳಿದರು.

"ಚುಕ್ಕಿ ಉಂಟು," ಎಂದೆ. ಅತ್ತೆಗೆ ನನ್ನ ವಿದ್ಯೆಯ ಮೇಲೆ ಇದ್ದ ಸ್ವಲ್ಪ ಗೌರವವೂ ಆವತ್ತು ಆ ಜಗಲಿಯಲ್ಲಿ ಮುಗಿಯಿತು.

ಆದರೂ ಕಾರು ತೊಳೆದೆ, ಒರೆಸಿದೆ, ಮೇಣ ಹಚ್ಚಿದೆ. ಮೆಷಿನಿಗೆ ಕಟ್ಟಲು ಟೊಪ್ಪಿ ಹುಡುಕಿದರೆ ಪೆಟ್ಟಿಗೆಯಲ್ಲಿ ಇಲ್ಲ. ಮೈದುನ ಮರೆತಿರಬೇಕು ಎಂದುಕೊಂಡು, ಹಳೇ ಮೆಷಿನಿನ ಸವೆದ ದೊಡ್ಡ ಟೊಪ್ಪಿಯನ್ನೇ ಮಡಚಿ ಕಟ್ಟಿದೆ. ಗುಂಡಿ ಒತ್ತಿದೆ. ಆಮೆ ಗುರ್ ಎಂದು ನಡುಗಿತು. ಹಳೆಯದರ ಹಾಗೆ ಗಿರಗಿರ ಓಡಲಿಲ್ಲ. ಅದರ ತಟ್ಟೆ ನಿಂತಲ್ಲೇ ಸಣ್ಣ ಸಣ್ಣ ಉಂಗುರ ಬರೆಯುತ್ತಾ ಅಲುಗುತ್ತಿತ್ತು. ನಾನು ಅಭ್ಯಾಸಬಲದಿಂದ ಒತ್ತಿದೆ. ಅಲುಗುವುದು ಕಡಿಮೆಯಾಯಿತು. ಸೋಮಾರಿ ಮೆಷಿನು ಎಂದುಕೊಂಡು ಇನ್ನೂ ಒತ್ತಿದೆ. ಅದು ಮೂಗಿನಲ್ಲಿ ಅತ್ತ ಹಾಗೆ ಸದ್ದು ಮಾಡಿ ಸುಮ್ಮನೆ ನಿಂತಿತು. ಎತ್ತಿದರೆ ಅಲುಗುತ್ತದೆ, ಒತ್ತಿದರೆ ನಿಲ್ಲುತ್ತದೆ. ಸಿಸ್ಟರ್ ಬೆನಿಗ್ನಾ ನನ್ನ ಹಿಂದೆಯೇ ನಿಂತು "ಒತ್ತಿ ಉಜ್ಜು, ಒತ್ತಿ ಉಜ್ಜು" ಎನ್ನುತ್ತಿದ್ದಂತೆ ಆಗುತ್ತಿತ್ತು. ನನ್ನ ತೋಳು ಬಿದ್ದುಹೋಗುವವರೆಗೆ ಒತ್ತಿದೆ. ಬಿಸಿಲು ಇಳಿಯುವ ಹೊತ್ತಿಗೆ ಬಾನೆಟ್ ಮೇಲೆ ಮಜ್ಜಿಗೆ ಚೆಲ್ಲಿ ಒರೆಸದೆ ಬಿಟ್ಟ ಹಾಗೆ ಮಬ್ಬು, ಮಬ್ಬಿನೊಳಗೆ ವಡೆಗಳ ಹಾಗೆ ಬಿಳೀ ಬಳೆಗಳು. ಬರುವಾಗ ಬೂದಿ ಬಣ್ಣವಾದರೂ ಇತ್ತು. ಈಗ ಅದೂ ಇಲ್ಲ.

ಅತ್ತೆ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಭಾನುವಾರ ಸಾಯಂಕಾಲ ಸುಳ್ಯಕ್ಕೆ ಬಸ್ಸುಂಟು," ಎಂದು ಮೆತ್ತಗೆ ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಟ್ರಂಕು ಎಳೆಯುವ ಸದ್ದು ಕೇಳಿತು. ಇದೇ ಟ್ರಂಕು. ನನ್ನ ಸೀರೆಗಳನ್ನು ಮಡಚಿ ತುಂಬುತ್ತಿದ್ದರು.

ಹೊರಗೆ ಬಂದರೆ ನಮ್ಮವರು ಸ್ಟೂಲು ಹತ್ತಿ, ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬೋರ್ಡಿನ ಸ್ಕ್ರೂ ತಿರುಗಿಸುತ್ತಿದ್ದರು. ಎಡಗೈಗೆ ಆ ಕೆಲಸ ಗೊತ್ತಿರಲಿಲ್ಲ. ಆದರೂ ಒಂದು ಸ್ಕ್ರೂ ಹೊರಗೆ ಬಂದಿತ್ತು. ಬೋರ್ಡು ಒಂದು ಭುಜ ಇಳಿಸಿ ನಿಂತಿತ್ತು.

"ಇಳಿಯಿರಿ," ಎಂದೆ.

"ಅಪ್ಪನಿಗೆ ಹೂಂ ಅಂದಿದ್ದೇನೆ. ಗಾಡಿ ಹಿಂದೆ ಹೋದ ಹಾಗೇ ಇದು."

"ಗಾಡಿ ಇಲ್ಲೇ ಉಂಟಲ್ಲ? ಹಿಂದೆ ಹೋಗುದು ಭಾನುವಾರ. ಅಲ್ಲಿವರೆಗೆ ಬೋರ್ಡು ಅಲ್ಲೇ ಇರಲಿ."

ಸ್ಕ್ರೂಡ್ರೈವರನ್ನು ಅವರ ಕೈಯಿಂದ ತೆಗೆದುಕೊಂಡೆ. ಅದುವರೆಗೆ ನಾನು ಅವರ ಕೈಯಿಂದ ಏನನ್ನೂ ಹಾಗೆ ತೆಗೆದುಕೊಂಡವಳಲ್ಲ. ಒಳಗೆ ಹೋಗಿ ಅದನ್ನು ಅಕ್ಕಿಯ ಡಬ್ಬಿಯ ಅಡಿಗೆ ತುರುಕಿದೆ. ಅತ್ತೆ ಮಡಚಿಟ್ಟ ಸೀರೆಗಳಲ್ಲಿ ಒಂದು ಹಳೇ ನೂಲಿನ ಸೀರೆಯನ್ನು ಹೊರಗೆಳೆದು, "ಇದು ನಾಳೆ ಕೆಲಸಕ್ಕೆ ಬೇಕು" ಎಂದೆ. ಅತ್ತೆ ನನ್ನ ಮುಖ ನೋಡಿ, ಉಳಿದ ಸೀರೆಗಳನ್ನು ಮಡಚತೊಡಗಿದರು.

ಶನಿವಾರ ಬೆಳಿಗ್ಗೆ ಮಗುವಿನ ಎಣ್ಣೆಯ ಹೊತ್ತು. ಯಾವ ಆಪತ್ತು ಬಂದರೂ ಮಗುವಿನ ಎಣ್ಣೆಸ್ನಾನ ತಪ್ಪಿಸುವ ಮನೆ ಅಲ್ಲ ನಮ್ಮದು. ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡೆ. ಕೈಗೆ, ಕಾಲಿಗೆ, ಬೆನ್ನಿಗೆ ಎಣ್ಣೆ ತಿಕ್ಕಿದೆ. ಕೈ ಅದರಷ್ಟಕ್ಕೆ ಕೆಲಸ ಮಾಡುತ್ತಿತ್ತು, ತಲೆಯೆಲ್ಲ ಶೆಡ್ಡಿನಲ್ಲಿತ್ತು. ಗಲ್ಲದಡಿಯ ಲಾಡಿ ಬಿಚ್ಚಿ ಟೊಪ್ಪಿ ತೆಗೆದು ಪಕ್ಕಕ್ಕಿಟ್ಟೆ. ಅಂಗೈಯಲ್ಲಿ ಎಣ್ಣೆ ತೆಗೆದುಕೊಂಡು ನೆತ್ತಿಯ ಮೇಲೆ ಇಟ್ಟೆ.

ನಮ್ಮಲ್ಲಿ ಮೈಗೆ ಎಣ್ಣೆ ತಿಕ್ಕುದು, ನೆತ್ತಿಗೆ ಮಾತ್ರ ಇಡುದು. ನೆತ್ತಿಗೆ ತಿಕ್ಕುದು ಎಂದು ಯಾರೂ ಹೇಳುವುದಿಲ್ಲ. ಅಲ್ಲಿ ಮೂಳೆ ಇನ್ನೂ ಕೂಡಿರುವುದಿಲ್ಲ, ಒತ್ತಬಾರದು. ಅಂಗೈಯನ್ನು ಅದರ ಭಾರಕ್ಕೆ ಬಿಟ್ಟು ಸುಮ್ಮನೆ ಇಡಬೇಕು, ಮೆಲ್ಲ ಜಾರಿಸಬೇಕು. ಎಣ್ಣೆಯನ್ನು ನೆತ್ತಿಯೇ ಕುಡಿಯುತ್ತದೆ. ನನ್ನ ಅಂಗೈಯ ಅಡಿಯಲ್ಲಿ ಮಗುವಿನ ನೆತ್ತಿ ಪುಕ್ ಪುಕ್ ಎಂದು ಅಲುಗುತ್ತಿತ್ತು. ಅದು ಅದರಷ್ಟಕ್ಕೇ ಅಲುಗುವುದು, ನಾನು ಅಲುಗಿಸುವುದಲ್ಲ.

ಕೈ ಅಲ್ಲೇ ನಿಂತಿತು.

ಆಮೆಯೂ ಅದರಷ್ಟಕ್ಕೇ ಅಲುಗುತ್ತದಲ್ಲ! ನಾನು ಅದನ್ನು ತಿಕ್ಕಿದೆ. ಇಡಲಿಲ್ಲ.

ಆಗ ಪಕ್ಕದಲ್ಲಿದ್ದ ಟೊಪ್ಪಿಯ ಮೇಲೆ ಕಣ್ಣು ಬಿತ್ತು. ಗುಂಡಗೆ, ಅಂಚಿನ ಸುತ್ತ ಲಾಡಿ, ಒಳಗೆ ದಪ್ಪ ಬಟ್ಟೆಯ ಹೊಲಿಗೆ. ಮಗುವಿನ ಟೊಪ್ಪಿಗೆ ಕಿವಿ ಮುಚ್ಚುವ ರೆಕ್ಕೆ ಇರುತ್ತದೆ, ಇದಕ್ಕೆ ಹಿಂದೆ ಮುಂದೆ ಎಂಬುದೇ ಇಲ್ಲ. ಇಷ್ಟು ಸಣ್ಣ ಸಣ್ಣ ಸಂಗತಿಗಳೆಲ್ಲ ನನಗೆ ಕಾಣುತ್ತವೆ ಎಂದು ನನಗೊಂದು ಜಂಬ ಇತ್ತು. ನಾನೇ ಬಿಚ್ಚಿ ಕಟ್ಟುತ್ತಿದ್ದ ಟೊಪ್ಪಿ ನನಗೇ ಕಂಡಿರಲಿಲ್ಲ.

"ಅತ್ತೆ, ಇದು ಪೆಟ್ಟಿಗೆಯಲ್ಲಿ ಎಲ್ಲಿತ್ತು?"

"ಮೆಷಿನಿನ ಹೊಟ್ಟೆಗೆ ಒತ್ತಿಕೊಂಡು ಇತ್ತು. ಯಾಕೆ?"

"ಇದು ಮೆಷಿನಿನ ಟೊಪ್ಪಿ!"

ಅತ್ತೆ ಟೊಪ್ಪಿಯನ್ನು ಎತ್ತಿ ಎದೆಗೆ ಹಿಡಿದುಕೊಂಡರು. "ಎಂತ ಮಾತು ಮಾರಾಯ್ತಿ! ಮಗುವಿನ ಟೊಪ್ಪಿ ಕಾರಿಗೆ ಹಾಕುದಾ?"

"ಕಾರಿನ ಟೊಪ್ಪಿಯನ್ನು ಮಗುವಿಗೆ ಹಾಕಿದ್ದು ನೀವು."

"ಅಂದರೆ ಅವ ಮಗುವಿಗೆ ಎಂತದೂ ಕಳಿಸಲಿಲ್ಲ?"

ಆ ಸ್ವರ ಕೇಳಿ ನನಗೆ ನಗುವೂ ಬಂತು, ಪಾಪವೂ ಅನಿಸಿತು. "ಕಳಿಸಿದ್ದಾನೆ ಅಂತಲೇ ಇರಲಿ ಅತ್ತೆ. ಒಂದು ದಿನಕ್ಕೆ ಕೊಡಿ. ಮಗುವಿನದ್ದನ್ನು ಕಾರಿಗೆ ಸಾಲ ತೆಗೆದುಕೊಂಡದ್ದು."

ಅತ್ತೆ ಟೊಪ್ಪಿಯನ್ನು ಎದೆಯಿಂದ ಬಿಡಿಸಿದರು. "ತೊಳೆದು ಕೊಡಬೇಕು," ಎಂದು ಕೊಟ್ಟರು.

ಟೊಪ್ಪಿ ಆಮೆಯ ಬಾಯಿಗೆ ಅಚ್ಚು ಹಾಕಿದ ಹಾಗೆ ಕೂತಿತು. ಹಿಂದಿನ ದಿನದ ಮೇಣವನ್ನೆಲ್ಲ ಹಳೇ ಸೀರೆಯಿಂದ ತೆಗೆದು, ಹೊಸದಾಗಿ, ಮಗುವಿನ ಕೆನ್ನೆಗೆ ಹಚ್ಚುವಷ್ಟೇ ತೆಳ್ಳಗೆ ಹಚ್ಚಿದೆ. ನಮ್ಮವರು ಸ್ಟೂಲಿನಲ್ಲಿ ಕೂತು, "ಬಿಗಿ ಹಿಡಿ, ಒತ್ತು" ಎನ್ನಲು ಹೊರಟರು. "ಮಾತಾಡಬೇಡಿ" ಎಂದೆ. ಮೆಷಿನನ್ನು ಬಾನೆಟ್ಟಿನ ನಡುವೆ, ನೆತ್ತಿಯ ಮೇಲೆ ಅಂಗೈ ಇಟ್ಟ ಹಾಗೆ, ಇಟ್ಟೆ. ಆಮೇಲೆ ಗುಂಡಿ ಒತ್ತಿದೆ. ಒತ್ತಿದ್ದು ಅದೊಂದನ್ನೇ.

ಇದು ಹೇಳಿದಷ್ಟು ಸುಲಭ ಅಲ್ಲ. ಒತ್ತದೆ ಇರುವುದಕ್ಕೆ ಒತ್ತುವುದಕ್ಕಿಂತ ಹೆಚ್ಚು ಹಟ ಬೇಕು. ಒಂದು ಕಲೆ ಕಂಡ ಕೂಡಲೇ ಭುಜ ತನ್ನಿಂದ ತಾನೇ ಮುಂದಕ್ಕೆ ಬಾಗುತ್ತದೆ. ಆಗೆಲ್ಲ ಆಮೆ ಮೂಗಿನಲ್ಲಿ ಅಳುತ್ತಿತ್ತು, ನಾನು "ಇಡು, ಇಡು" ಎಂದು ನನಗೇ ಹೇಳಿಕೊಂಡು ಕೈ ಸಡಿಲಿಸುತ್ತಿದ್ದೆ. ಕರೆಂಟು ಇಳಿದಾಗ ನಿಂತು ಕಾಯುವುದು, ಬಂದಾಗ ಮತ್ತೆ ಮುಂದರಿಸುವುದು. ಮಗು ಅತ್ತಾಗ ಹೋಗಿ ಹಾಲು ಕೊಟ್ಟು ಬರುವುದು. ಒಂದು ಸಲ ಮೇಣದ ಕೈಯಲ್ಲೇ ಹೋಗಿ ಅತ್ತೆಯಿಂದ ಬೈಸಿಕೊಂಡೆ. ಬಾನೆಟ್ಟಿನ ನಡುವಿನ ಮಬ್ಬು ಮೊದಲು ಕರಗಿತು, ಬಾವಿಯಲ್ಲಿ ಎಲೆ ಸರಿಸಿದಾಗ ನೀರು ಕಾಣುವ ಹಾಗೆ. ಅಲ್ಲಿ ತಗಡಿನ ಮಾಡು ಕಂಡಿತು, ಮಾಡಿನ ತೂತು ಕಂಡಿತು, ತೂತಿನಲ್ಲಿ ಆಕಾಶ ಕಂಡಿತು. ಮತ್ತೆ ಬೆವರು ಸುರಿಯುವ ಒಂದು ಹೆಂಗಸು ಕಂಡಳು, ಮೂಗಿನ ಮೇಲೆ ಮೇಣ ಮೆತ್ತಿಕೊಂಡು. ಸಿಸ್ಟರ್ ಬೆನಿಗ್ನಾ ಕ್ಷಮಿಸಲಿ, ಆವತ್ತು ನಾನು ಸ್ವಲ್ಪ ಹೆಚ್ಚೇ ಹೊತ್ತು ನೋಡಿಕೊಂಡೆ.

ಬಾನೆಟ್ ಮುಗಿದ ಮೇಲೆ ತಿರುಗಿ ನೋಡಿದರೆ ನಮ್ಮವರು ಸ್ಟೂಲಿನಿಂದ ಎದ್ದು ನಿಂತಿದ್ದರು. ಮಾತಾಡಬೇಡಿ ಎಂದಿದ್ದೆನಲ್ಲ, ಮಾತಾಡಲಿಲ್ಲ. ಮೇಣದ ಡಬ್ಬಿಯನ್ನು ಎಡಗೈಯಲ್ಲಿ ಎತ್ತಿ ನನಗೆ ಹಿಡಿದರು. ಅಲ್ಲಿಂದ ಮುಂದೆ ಕಾರು ಮುಗಿಯುವವರೆಗೆ ಹಾಗೆ ಹಿಡಿದುಕೊಂಡೇ ನನ್ನ ಸುತ್ತ ತಿರುಗಿದರು.

ಭಾನುವಾರ ಪಳ್ಳಿಯ ಪೂಜೆ ಮುಗಿಸಿ ತೋಮಚ್ಚ ಬಂದರು. ಶೆಡ್ಡಿನೊಳಗೆ ಕಾಲಿಟ್ಟವರು ನಿಂತೇಬಿಟ್ಟರು. ಕಾರಿನ ಸುತ್ತ ಒಂದು ಸುತ್ತು ಬಂದರು. ಬಾಗಿಲಿನಲ್ಲಿ ತಮ್ಮ ಮುಖ ನೋಡಿ ಮೀಸೆ ಸರಿಮಾಡಿಕೊಂಡರು. ಆಮೇಲೆ ನಂಬಿಕೆ ಸಾಲದೆ ಬೆರಳು ಚಾಚಿದರು.

"ಕೈ ಹಾಕಬೇಡಿ!"

ಕೂಗಿದ್ದು ನಾನಲ್ಲ, ನಮ್ಮವರೂ ಅಲ್ಲ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ಅತ್ತೆ. "ಮದುಮಗಳು ಕೂರುವ ಗಾಡಿ. ನಿಮ್ಮ ಬೆರಳಿನ ಗುರುತು ಯಾಕೆ ಅದರಲ್ಲಿ?"

ಆ ದೊಡ್ಡ ಸ್ವರದ ತೋಮಚ್ಚ ಬೆರಳನ್ನು ಮಡಚಿ ಹಿಂದಕ್ಕೆ ತೆಗೆದುಕೊಂಡರು. "ಯಾರಮ್ಮ ಮಾಡಿದ್ದು ಇದು?" ಎಂದರು ಮೆಲ್ಲಗೆ.

"ಇನ್ಯಾರು? ನನ್ನ ಸೊಸೆ," ಎಂದರು ಅತ್ತೆ. "ಕಾನ್ವೆಂಟಿನಲ್ಲಿ ಕಲ್ತದ್ದು."

ಕಾನ್ವೆಂಟಿನಲ್ಲಿ ಕಲಿತದ್ದನ್ನು ಮರೆತದ್ದರಿಂದಲೇ ಆದದ್ದು ಎಂದು ನಾನು ಹೇಳಹೊರಟವಳು, ಅತ್ತೆಯ ಮುಖ ನೋಡಿ ನುಂಗಿಕೊಂಡೆ. ತೋಮಚ್ಚ, "ಎಲ್ಲರೂ ಕಲ್ಯಾಣಕ್ಕೆ ಬರಬೇಕು. ಬರದಿದ್ದರೆ ನಾನೇ ಬಂದು ಇದೇ ಗಾಡಿಯಲ್ಲಿ ಎತ್ತಿ ಹಾಕಿಕೊಂಡು ಹೋಗ್ತೇನೆ" ಎಂದು ಹೇಳಿ, ಕಾರನ್ನು ಹಾಲಿನ ಪಾತ್ರೆ ಒಯ್ಯುವ ಹಾಗೆ ಮೆಲ್ಲ ಮೆಲ್ಲ ರಸ್ತೆಗಿಳಿಸಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ನಮ್ಮವರು ರಸ್ತೆಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಸ್ಕ್ರೂಡ್ರೈವರ್ ಎಲ್ಲಿಟ್ಟೆ?" ಎಂದರು.

ಅಕ್ಕಿಯ ಡಬ್ಬಿಯಿಂದ ತೆಗೆದು ಕೊಟ್ಟೆ. ನಾನು ಬೋರ್ಡಿನ ಇಳಿದ ಭುಜವನ್ನು ಎತ್ತಿ ಹಿಡಿದೆ. ಎಡಗೈಯಲ್ಲಿ ಅವರು ತಿರುಗಿಸಿದರು. ಸ್ಕ್ರೂ ಸ್ವಲ್ಪ ಓರೆಯಾಗಿ ಕೂತಿತು. ಆಮೇಲೆ ಬಲಗೈ ಸರಿಯಾದರೂ ಅವರು ಅದನ್ನು ನೇರ ಮಾಡಲು ಹೋಗಲಿಲ್ಲ.

ಸಾಯಂಕಾಲದ ಸುಳ್ಯದ ಬಸ್ಸಿಗೆ ಅತ್ತೆ ಒಬ್ಬರೇ ಹೊರಟರು. ಹೊರಡುವ ಮೊದಲು ಟ್ರಂಕಿನಿಂದ ನನ್ನ ಸೀರೆಗಳನ್ನು ತೆಗೆದು ಹಗ್ಗದ ಮೇಲೆ ಮೊದಲಿನ ಹಾಗೇ ಹಾಕಿದರು. ಟೊಪ್ಪಿಯನ್ನು ಅಂಟುವಾಳದಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಮಗುವಿನ ತಲೆಗೆ ಕಟ್ಟಿದರು. ಹೊಲಿಗೆಯ ಸಾಲಿನಲ್ಲಿ ಸಣ್ಣದೊಂದು ಕಪ್ಪು ಗೆರೆ ಉಳಿದಿತ್ತು. ಅದು ಈಗಲೂ ಉಂಟು, ಹುಡುಕಿದರೆ ಕಾಣುತ್ತದೆ.

ಬಸ್ಸು ಬಂತು. ಮೆಟ್ಟಿಲು ಹತ್ತಿದವರು ಏನೋ ನೆನಪಾಗಿ ತಿರುಗಿದರು.

"ಕೇಳು ಮಾರಾಯ್ತಿ, ಮಗುವಿನ ಟೊಪ್ಪಿಯನ್ನು ಇನ್ನು ಕಾರಿಗೆ ಹಾಕಬೇಡ. ಬೊಂಬಾಯಿಯವನಿಗೆ ನಾನು ಹೇಳಿಕಳಿಸ್ತೇನೆ, ಕಾರಿಗೆ ಬೇರೆ ಟೊಪ್ಪಿ ಕಳಿಸಲಿಕ್ಕೆ. ಒಂದು ಸಾಕಾಗ್ಲಿಕ್ಕಿಲ್ಲ. ಸುಮಾರು ಬೇಕಾದೀತು ನಿನಗೆ."